ಮನೆಯ ವಿದ್ಯುತ್ ಬೋರ್ಡು ಬದಲಾಯಿಸುವುದು ಯಾವಾಗ?

ಚಾಮರಾಜನಗರ ತಾಲ್ಲೂಕಿನ ಕುದೇರಿನಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೈರಿ ಇದೆ. ಹಸು ಸಾಕುವ ಮನೆಗಳಿಗೆ ಈಗ ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರಗಳು ಬರುತ್ತಿವೆ. ಆದರೆ ಎಷ್ಟೋ ಮನೆಗಳಲ್ಲಿ ಮೀಟರಿನ ಪಕ್ಕದ ಬೋರ್ಡು ಮಾತ್ರ ಹಳೆಯದೇ. 1970ರ ದಶಕದ ಕೊನೆಯಲ್ಲಿ ಆರಂಭವಾದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಒಂದು ದೀಪದ ಸಂಪರ್ಕ ನೀಡಿತು. 2023ರ ಜುಲೈಯಿಂದ ಗೃಹಜ್ಯೋತಿ ಯೋಜನೆಯಿಂದಾಗಿ ಅನೇಕರಿಗೆ ಬಿಲ್ಲಿನ ಚಿಂತೆ ತಪ್ಪಿದೆ. ಬಿಲ್ಲು ಸೊನ್ನೆಯಾದರೂ ತಂತಿಯ ಮೇಲಿನ ಭಾರ ಸೊನ್ನೆಯಾಗದು ಎಂಬುದನ್ನು ರೈತ ಬಾಂಧವರು ಮರೆಯಬಾರದು.

ಲೆಕ್ಕ ಹಾಕುವ ಕ್ರಮ

ಏಕಕಾಲದಲ್ಲಿ ನಡೆಯುವ ಉಪಕರಣಗಳ ವ್ಯಾಟ್‌ಗಳನ್ನು ಕೂಡಿಸಿ 230ರಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. ಒಂದು ಮನೆಯ ಬೆಳಗಿನ ಹೊತ್ತನ್ನು ನೋಡಿ: ದೀಪ, ಫ್ಯಾನು, ಟಿ.ವಿ., ಫ್ರಿಜ್ಜು ಸೇರಿ 460 ವ್ಯಾಟ್, ಮಿಕ್ಸಿ 500, ನೀರು ಕಾಯಿಸುವ ಕಾಯಿಲ್ 1,500, ಒಂದು ಅಶ್ವಶಕ್ತಿಯ ಮೇವು ಕತ್ತರಿಸುವ ಯಂತ್ರ ಸುಮಾರು 1,000. ಒಟ್ಟು 3,460 ವ್ಯಾಟ್, ಅಂದರೆ 15 ಆಂಪಿಯರ್. ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಇದರ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ದೀಪಗಳಿಗಾಗಿ ಹಾಕಿದ 5 ಆಂಪಿಯರ್ ಫ್ಯೂಸಿನ ಬೋರ್ಡು ಇದನ್ನು ತಾಳಲಾರದು.

ಬದಲಾವಣೆ ಬೇಕೆನ್ನುವ ಲಕ್ಷಣಗಳು

1. ಫ್ಯೂಸು ಪದೇ ಪದೇ ಸುಟ್ಟುಹೋಗುವುದು.
2. ಮೋಟಾರು ಚಾಲೂ ಮಾಡಿದಾಗ ದೀಪಗಳು ಮಂಕಾಗುವುದು.
3. ಬೋರ್ಡು ಅಥವಾ ಸ್ವಿಚ್ಚು ಬಿಸಿಯಾಗುವುದು, ಸುಟ್ಟ ವಾಸನೆ, ಕಪ್ಪು ಕಲೆ, ಚಟಪಟ ಸದ್ದು.
4. ನಲ್ಲಿ, ಯಂತ್ರ ಅಥವಾ ಒದ್ದೆ ಗೋಡೆ ಮುಟ್ಟಿದಾಗ ಜುಮ್ಮೆನ್ನುವುದು.
5. ಮರದ ಹಲಗೆ ಗೆದ್ದಲು ಹಿಡಿದು ಅಥವಾ ತೇವದಿಂದ ಕೆಟ್ಟಿರುವುದು.

ಮೂರನೆಯ ಮತ್ತು ನಾಲ್ಕನೆಯ ಲಕ್ಷಣ ಕಂಡರೆ ಒಂದು ದಿನವೂ ತಡಮಾಡಬೇಡಿ. ಮುಟ್ಟಲು ಸುರಕ್ಷಿತವಿದ್ದರೆ ಮಾತ್ರ ಮೇನ್ ಸ್ವಿಚ್ಚು ಆರಿಸಿ, ತಜ್ಞರನ್ನು ಕರೆಸಿ.

ಮಾಡಬಾರದ ಕೆಲಸಗಳು

ಫ್ಯೂಸು ಹೋಯಿತೆಂದು ದಪ್ಪ ತಾಮ್ರದ ತಂತಿ ಸುತ್ತುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಆಗ ಫ್ಯೂಸಿನ ಬದಲು ಗೋಡೆಯೊಳಗಿನ ತಂತಿ ಕಾಯುತ್ತದೆ. ಸೂರಿನ ಹುಲ್ಲಿಗೋ ಅಟ್ಟದ ಮೇವಿಗೋ ಬೆಂಕಿ ತಗಲುತ್ತದೆ. ನ್ಯೂಟ್ರಲ್ ಬದಲಿಗೆ ಅರ್ತಿಂಗ್ ತಂತಿಯನ್ನು ಬಳಸುವುದೂ ತಪ್ಪು. ಅರ್ತಿಂಗ್ ಸಡಿಲವಾದ ದಿನ ಯಂತ್ರದ ಮೈಯೆಲ್ಲ ವಿದ್ಯುತ್ ಹರಿಯುತ್ತದೆ.

ಹೊಸ ಬೋರ್ಡಿನಲ್ಲಿ ಏನಿರಬೇಕು?

ದೀಪಗಳಿಗೆ, ಅಡುಗೆಮನೆಗೆ, ಕೊಟ್ಟಿಗೆಗೆ ಪ್ರತ್ಯೇಕ ಎಂ.ಸಿ.ಬಿ. ಇರಲಿ. ಅದರ ಆಂಪಿಯರನ್ನು ಆ ಸಾಲಿನ ಅತಿ ತೆಳುವಾದ ತಂತಿಯ ಸಾಮರ್ಥ್ಯ ನೋಡಿ ಆರಿಸಬೇಕು. ತಂತಿ ಹಳೆಯದಾಗಿದ್ದು ದೊಡ್ಡ ಎಂ.ಸಿ.ಬಿ. ಹಾಕಿದರೆ ದಪ್ಪ ಫ್ಯೂಸು ಕಟ್ಟಿದಂತೆಯೇ ಸರಿ. ಆದ್ದರಿಂದ ಬೋರ್ಡಿನ ಜೊತೆಗೆ ತಂತಿಯನ್ನೂ ಪರೀಕ್ಷಿಸಿ.

ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆ, ಜೀವ ಕಾಯಲು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಬೇಕು. ವಿದ್ಯುತ್ ಸೋರಿ ನೆಲಕ್ಕೆ ಹರಿದೊಡನೆ ಅದು ಸಂಪರ್ಕ ಕಡಿಯುತ್ತದೆ. ತಿಂಗಳಿಗೊಮ್ಮೆ ಅದರ ಪರೀಕ್ಷಾ ಗುಂಡಿ ಒತ್ತಿ ನೋಡಿ, ಕಡಿಯದಿದ್ದರೆ ಬದಲಾಯಿಸಿ. ಸರಿಯಾದ ಅರ್ತಿಂಗ್ ಇವೆಲ್ಲಕ್ಕೂ ತಳಹದಿ. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ ತೇವ ಕಾಪಾಡಿ.

ಕೊಟ್ಟಿಗೆಗೆ ವಿಶೇಷ ಗಮನ

ಮನುಷ್ಯನಿಗೆ ಅಪಾಯವಾಗದ ವೋಲ್ಟೇಜು ಹಸುವಿನ ಪ್ರಾಣ ತೆಗೆಯಬಹುದು. ಅದರ ಗೊರಸು ಒದ್ದೆ ನೆಲದಲ್ಲಿರುತ್ತದೆ. ಮುಂಗಾಲಿನಿಂದ ಹಿಂಗಾಲಿಗೆ ಹರಿಯುವ ವಿದ್ಯುತ್ ಎದೆಯನ್ನು ಹಾದು ಹೋಗುತ್ತದೆ. ಹಸು ಕೊಟ್ಟಿಗೆಗೆ ಬರಲು ಹಿಂಜರಿದರೆ, ನೀರಿನ ತೊಟ್ಟಿಗೆ ಬಾಯಿ ಹಾಕಲು ಬೆದರಿದರೆ, ರೋಗವನ್ನಷ್ಟೇ ಶಂಕಿಸದೆ ವಿದ್ಯುತ್ ಸೋರಿಕೆಯನ್ನೂ ಪರೀಕ್ಷಿಸಿ. ಸ್ವಿಚ್ಚುಗಳು ಹಸುವಿನ ಬಾಯಿಗೆ, ಕೊಂಬಿಗೆ ಎಟುಕದಷ್ಟು ಎತ್ತರದಲ್ಲಿರಲಿ.

ಕೆಲಸಕ್ಕೆ ಮುನ್ನ

ಬಿಲ್ಲಿನಲ್ಲಿ ಮಂಜೂರಾದ ಲೋಡು ಕಿಲೋವ್ಯಾಟಿನಲ್ಲಿ ನಮೂದಾಗಿರುತ್ತದೆ. ನಿಮ್ಮ ಲೆಕ್ಕ ಅದಕ್ಕಿಂತ ಹೆಚ್ಚಿದ್ದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಚೇರಿಗೆ ಅರ್ಜಿ ಕೊಟ್ಟು ಲೋಡು ಹೆಚ್ಚಿಸಿಕೊಳ್ಳಿ. ಕೆಲಸವನ್ನು ಪರವಾನಗಿ ಉಳ್ಳ ಗುತ್ತಿಗೆದಾರರಿಂದಲೇ ಮಾಡಿಸಿ. ಮೀಟರಿನ ಮೊಹರನ್ನು ಮುಟ್ಟಬೇಡಿ. ಹೊಸ ಯಂತ್ರ ಕೊಳ್ಳುವ ಮೊದಲೇ ಈ ಲೆಕ್ಕ ಮಾಡಿ, ಬೋರ್ಡಿನ ಖರ್ಚನ್ನೂ ಯಂತ್ರದ ಬೆಲೆಯೊಂದಿಗೆ ಸೇರಿಸಿಕೊಳ್ಳುವುದು ಜಾಣತನ.