ಕಡಜದ ವೇಷ ಹಾಕಿದ ನೊಣ: ಹೊಡೆಯುವ ಮುಂಚೆ ಒಮ್ಮೆ ನೋಡೋಣ



ಹೋದ ಅವರೆ ಕಾಲದಲ್ಲಿ ಮಾಸ್ತಿ ಹೋಬಳಿಯ ಒಂದು ಹಳ್ಳಿಯಲ್ಲಿ ಸಂಘದ ವಾರದ ಸಭೆ ಇತ್ತು. ಭವನದ ಬೀಗದ ಕೈ ಸಿಗಲಿಲ್ಲ ಅಂತ ಸದಸ್ಯೆಯೊಬ್ಬರ ಹೊಲದ ಬದುವಿನಲ್ಲಿ, ಹೊಂಗೆ ಮರದ ನೆರಳಿಗೆ ಕುಳಿತಿದ್ದೆವು. ಉಳಿತಾಯದ ಹಣ ಎಣಿಸುವಾಗ ಹಳದಿ ಕಪ್ಪು ಪಟ್ಟೆಯ ಹುಳುವೊಂದು ಬಂದು ಲೆಕ್ಕದ ಪುಸ್ತಕದ ಮೇಲೆ ಗಾಳಿಯಲ್ಲೇ ನಿಂತುಕೊಂಡಿತು. "ಅಯ್ಯೋ, ಕಡಜ!" ಅಂತ ಒಬ್ಬರು ಸೆರಗು ಹೊದ್ದು ಎದ್ದರು. ಇನ್ನೊಬ್ಬರು ಪಾಸ್‌ಬುಕ್ಕಿನಿಂದಲೇ ಒಂದೇಟು ಕೊಟ್ಟರು. ಹುಳು ಸತ್ತು ಬಿತ್ತು. ಅದನ್ನು ಅಂಗೈ ಮೇಲಿಟ್ಟು "ಇದರ ಕೊಂಡಿ ಎಲ್ಲಿದೆ, ತೋರಿಸಿ ನೋಡೋಣ" ಅಂದೆ. ಎಲ್ಲರೂ ಹುಡುಕಿದರು, ಕೊಂಡಿ ಸಿಗಲಿಲ್ಲ. ಯಾಕೆಂದರೆ ಅದು ಕಡಜವೇ ಅಲ್ಲ, ಒಂದು ನೊಣ.

ಅದೇ ದಿನ ಆ ಹೊಲದ ಸದಸ್ಯೆ, ಅವರೆಗೆ ಹೇನು ಹತ್ತಿದೆ, ಔಷಧಿ ಹೊಡೆಸಬೇಕು ಅಂತ ಸಂಘದಲ್ಲಿ ಸಾಲ ಕೇಳಿದ್ದರು. ನಾವು ಹೊಡೆದು ಹಾಕಿದ ನೊಣದ ಮರಿಗಳೇ ಆ ಹೇನನ್ನು ತಿನ್ನುವ ಹುಳುಗಳು ಅಂತ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಈ ತಿಂಗಳ ಪಾಠ ಈ ನೊಣದ ಬಗ್ಗೆ.

ಹಗಲುವೇಷ ಯಾಕೆ?

ನಮ್ಮ ಊರುಗಳಿಗೆ ಹಗಲುವೇಷದವರು ಬರುತ್ತಿದ್ದುದು ನಿಮಗೆ ನೆನಪಿರಬಹುದು. ಪೊಲೀಸ್ ವೇಷದವನು ಬೀದಿಗೆ ಬಂದರೆ ಮಕ್ಕಳು ಓಡಿ ಮನೆಯೊಳಗೆ ಸೇರುತ್ತಿದ್ದರು. ಅವನ ಕೈಯಲ್ಲಿ ಅಧಿಕಾರವಿಲ್ಲ, ಆದರೆ ಬಟ್ಟೆ ಕಂಡರೇ ಹೆದರಿಕೆ. ಈ ನೊಣವೂ ಹಾಗೆಯೇ. ಒಮ್ಮೆ ಕಡಜವನ್ನು ಹಿಡಿದು ಕುಟುಕಿಸಿಕೊಂಡ ಹಕ್ಕಿ ಆಮೇಲೆ ಹಳದಿ ಕಪ್ಪು ಪಟ್ಟೆ ಕಂಡರೆ ಹತ್ತಿರ ಹೋಗುವುದಿಲ್ಲ. ಕೊಂಡಿ ಇಲ್ಲದ ನೊಣ ಅದೇ ಪಟ್ಟೆ ಹೊತ್ತು ಬದುಕಿಕೊಳ್ಳುತ್ತದೆ. ನಿರುಪದ್ರವಿ ಜೀವಿಗಳು ಹೀಗೆ ಅಪಾಯಕಾರಿ ಜೀವಿಗಳನ್ನು ಹೋಲುವುದೇಕೆ ಎಂಬುದನ್ನು ಹೆನ್ರಿ ಬೇಟ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ 1862ರಲ್ಲಿ ವಿವರಿಸಿದರು. ಕುರಿಯ ವೇಷದಲ್ಲಿ ಬರುವ ತೋಳದ ಮಾತು ಬೈಬಲಿನಲ್ಲಿದೆ. ಇಲ್ಲಿ ಮಾತ್ರ ತೋಳದ ವೇಷ ಹಾಕಿರುವುದು ಕುರಿ!

ಈ ನೊಣಕ್ಕೆ ಕೃಷಿ ಇಲಾಖೆಯವರು ಸಿರ್ಫಿಡ್ ನೊಣ ಅನ್ನುತ್ತಾರೆ. ಹೂವಿನ ಮೇಲೆ ಕಾಣುವುದರಿಂದ ನಾವು ಹೂನೊಣ ಅನ್ನೋಣ. ಪ್ರಪಂಚದಲ್ಲಿ ಇದರ ಸುಮಾರು 6000 ಜಾತಿಗಳಿವೆ. ಕೆಲವು ಕಡಜದ ವೇಷ, ಕೆಲವು ಜೇನಿನ ವೇಷ.

ಗುರುತು ಹಿಡಿಯುವುದು ಹೇಗೆ?

ಕೈಯಲ್ಲಿ ಹಿಡಿಯಬೇಡಿ. ಒಂದು ಮೊಳ ದೂರದಿಂದ ಸುಮ್ಮನೆ ನೋಡಿ.

1. ಕಣ್ಣು: ನೊಣಕ್ಕೆ ತಲೆಯೆಲ್ಲಾ ಕಣ್ಣೇ. ಕಡಜದ ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುತ್ತದೆ, ನಡುವೆ ಅಗಲವಾದ ಮುಖ ಕಾಣುತ್ತದೆ.

2. ಮೀಸೆ: ಕಡಜದ ಮೀಸೆ ಉದ್ದ, ಬಾಗಿರುತ್ತದೆ, ಆಡುತ್ತಲೇ ಇರುತ್ತದೆ. ಹೂನೊಣದ ಮೀಸೆ ಸಾಮಾನ್ಯವಾಗಿ ರಾಗಿ ಕಾಳಿನಷ್ಟು ಮೊಟಕು, ಹುಡುಕಿದರೆ ಮಾತ್ರ ಕಾಣುತ್ತದೆ.

3. ಸೊಂಟ: ಕಡಜದ ಸೊಂಟ ದಾರ ಕಟ್ಟಿ ಬಿಗಿದಂತೆ ಸಣ್ಣ. ನಮ್ಮ ಹೊಲದ ಹೂನೊಣಗಳಿಗೆ ಸಾಮಾನ್ಯವಾಗಿ ಅಂಥ ಸೊಂಟ ಇಲ್ಲ, ಹೊಟ್ಟೆ ಚಪ್ಪಟೆ.

4. ರೆಕ್ಕೆ: ನೊಣಕ್ಕೆ ಎರಡೇ ರೆಕ್ಕೆ. ಹಿಂದಿನ ರೆಕ್ಕೆಯ ಜಾಗದಲ್ಲಿ ಗುಂಡುಸೂಜಿಯ ತಲೆಯಂಥ ಎರಡು ಪುಟ್ಟ ಗುಬಟುಗಳಿವೆ. ಹಾರುವಾಗ ಆಯ ತಪ್ಪದಂತೆ ನೋಡಿಕೊಳ್ಳುವುದು ಅವೇ. ಕಡಜಕ್ಕೂ ಜೇನಿಗೂ ನಾಲ್ಕು ರೆಕ್ಕೆ. ಆದರೆ ಹಿಂದಿನ ರೆಕ್ಕೆ ಮುಂದಿನದಕ್ಕೆ ಸಣ್ಣ ಕೊಕ್ಕೆಗಳಿಂದ ಸೇರಿಕೊಂಡು ಎರಡೇ ಇರುವಂತೆ ಕಾಣುತ್ತದೆ. ಆದ್ದರಿಂದ ಬದುಕಿರುವ ಹುಳುವಿನಲ್ಲಿ ರೆಕ್ಕೆ ಎಣಿಸಲು ಹೋಗಬೇಡಿ, ಮೊದಲು ಕಣ್ಣು ಮೀಸೆ ನೋಡಿ.

5. ಹಾರಾಟ: ಹೂನೊಣ ಗಾಳಿಯಲ್ಲಿ ಮೊಳೆ ಹೊಡೆದಂತೆ ಒಂದೇ ಕಡೆ ನಿಲ್ಲುತ್ತದೆ, ಚಕ್ಕನೆ ಪಕ್ಕಕ್ಕೆ ಸರಿದು ಮತ್ತೆ ನಿಲ್ಲುತ್ತದೆ.

6. ಕಾಲು: ಹಿಂಗಾಲಿನಲ್ಲಿ ಪರಾಗದ ಉಂಡೆ ಹೊತ್ತಿದ್ದರೆ ಅದು ಜೇನು. ನೊಣಕ್ಕೆ ಅಂಥ ಬುಟ್ಟಿ ಇಲ್ಲ.

ಒಂದು ಎಚ್ಚರಿಕೆ. ಅನುಮಾನ ಬಂದರೆ ಕಡಜ ಅಂತಲೇ ತಿಳಿದು ದೂರ ಇರಿ. ಕಡಜ ಕುಟುಕಿದ ಮೇಲೆ ಮುಖ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಅಥವಾ ತುಂಬಾ ಹುಳುಗಳು ಒಟ್ಟಿಗೆ ಕುಟುಕಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮರಿಯೇ ನಿಜವಾದ ಕೂಲಿಯಾಳು

ದೊಡ್ಡ ನೊಣ ತಿನ್ನುವುದು ಹೂವಿನ ಮಕರಂದ, ಪರಾಗ. ತಾಯಿ ನೊಣ ಹೇನು ಹತ್ತಿದ ಕುಡಿ ಹುಡುಕಿ, ಪುಟ್ಟ ಅಕ್ಕಿ ಕಾಳಿನಂಥ ಬಿಳಿ ಮೊಟ್ಟೆ ಇಡುತ್ತದೆ. ಅದರಿಂದ ಬರುವ ಮರಿಗೆ ಕಾಲಿಲ್ಲ, ಕಣ್ಣಿಲ್ಲ. ಹಸಿರು ಅಥವಾ ಮಾಸಲು ಬಣ್ಣ, ಮುಂದೆ ಚೂಪು, ಹಿಂದೆ ದಪ್ಪ, ಚಿಕ್ಕ ಜಿಗಣೆಯ ಹಾಗೆ. ತಡವರಿಸಿಕೊಂಡು ಹೋಗಿ ಹೇನನ್ನು ಕಚ್ಚಿ ಎತ್ತಿ ರಸ ಹೀರಿ ಸಿಪ್ಪೆ ಬಿಸಾಡುತ್ತದೆ. ಬೆಳೆದು ದೊಡ್ಡದಾಗುವುದರೊಳಗೆ ಒಂದೊಂದು ಮರಿಯೂ ನೂರಾರು ಹೇನು ಮುಗಿಸುತ್ತದೆ. ಆಮೇಲೆ ಎಲೆಗೆ ಅಂಟಿಕೊಂಡು ನೀರಿನ ಹನಿಯ ಆಕಾರದ ಗೂಡಾಗುತ್ತದೆ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಕಾನ್ವೆಂಟಿನ ತೋಟದ ಅವರೆಯಲ್ಲಿ ಇದೇ ಮರಿಗಳನ್ನು ಕಂಡು, ಹೇನಿನ ಜೊತೆ ಇನ್ನೊಂದು ಪೀಡೆ ಬಂತು ಅಂತ ನಾನೇ ಔಷಧಿ ಹೊಡೆಸಿದೆ. ಹೇನೂ ಸತ್ತಿತು, ಮರಿಯೂ ಸತ್ತಿತು. ಎರಡು ವಾರಕ್ಕೆ ಹೇನು ಮೊದಲಿಗಿಂತ ಜಾಸ್ತಿಯಾಗಿ ಬಂತು, ತಿನ್ನುವವರು ಬರಲಿಲ್ಲ. ಹೇನು ಗಂಡಿನ ಸಹಾಯವಿಲ್ಲದೆಯೇ ದಿನವೂ ಮರಿ ಹಾಕುತ್ತದೆ. ಅದನ್ನು ತಿನ್ನುವ ಹುಳು ಮೊಟ್ಟೆಯಿಟ್ಟು ಬೆಳೆಯಲು ದಿನಗಳು ಬೇಕು. ಓದಿದ ನನಗೇ ಇದು ಗೊತ್ತಿರಲಿಲ್ಲ.

ನಮ್ಮ ಹಿರಿಯರು ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳು ಹಾಕುತ್ತಿದ್ದರು. ಸಾಸಿವೆ, ಹುಚ್ಚೆಳ್ಳಿನ ಹೂವು ಈ ನೊಣಗಳಿಗೆ ಊಟದ ಮನೆ. ಟೊಮೆಟೊ, ಅವರೆ ಮಾತ್ರ ಬೆಳೆಯುವವರು ಬದುವಿನಲ್ಲಿ ನಾಲ್ಕು ಸಾಲು ಸಾಸಿವೆಯನ್ನೋ ಕೊತ್ತಂಬರಿಯನ್ನೋ ಹೂವಿಗೆ ಬಿಟ್ಟರೆ ಸಾಕು.

ಎಲ್ಲ ವೇಷಧಾರಿಗಳೂ ಸ್ನೇಹಿತರಲ್ಲ

ಶ್ರೀನಿವಾಸಪುರದ ಕಡೆಯ ಸಹೋದರಿಯರು ಇದನ್ನು ಗಮನಿಸಿ. ಮಾವಿನ ಹಣ್ಣುನೊಣವೂ ಚಿಕ್ಕ ಕಡಜದಂತೆ ಕಾಣುತ್ತದೆ. ಕಂದು ಮೈ, ಹಳದಿ ಗುರುತು. ಹೆಣ್ಣಿನ ಹಿಂದೆ ಚೂಪಾದ ಮೊನೆ ಇರುತ್ತದೆ. ಅದು ನಮ್ಮನ್ನು ಕುಟುಕುವುದಿಲ್ಲ, ಬಲಿಯುತ್ತಿರುವ ಹಣ್ಣನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹೂನೊಣ ಹೂವಿನ ಮೇಲೆ, ಹೇನಿನ ಹತ್ತಿರ ಸುತ್ತುತ್ತದೆ. ಹಣ್ಣುನೊಣ ಕಾಯಿ ಹಣ್ಣಿನ ಮೇಲೆ ಕೂರುತ್ತದೆ. ಇದಕ್ಕೆ ಬಿದ್ದ ಹಣ್ಣನ್ನು ದಿನಾ ಆರಿಸಿ ಆಳವಾಗಿ ಹೂಳಬೇಕು, ಗಂಡು ನೊಣ ಸೆಳೆಯುವ ಮೀಥೈಲ್ ಯೂಜಿನಾಲ್ ಬಲೆಯನ್ನು ತೋಟದಲ್ಲಿ ಕಟ್ಟಬೇಕು. ವೇಷ ನೋಡಿ ತೀರ್ಪು ಕೊಡಬಾರದು, ಮಾಡುವ ಕೆಲಸ ನೋಡಬೇಕು.

ಔಷಧಿಗೆ ಮೊದಲು

• ಹೊಲದ ನಾಲ್ಕು ಮೂಲೆ ಮತ್ತು ನಡುವೆ ಹತ್ತು ಹತ್ತು ಗಿಡದ ಕುಡಿ ನೋಡಿ. ಹೇನಿನ ನಡುವೆ ಮರಿ ಅಥವಾ ಗುಲಗಂಜಿ ಹುಳು ಇದ್ದರೆ ಒಂದು ವಾರ ಕಾಯಿರಿ.
• ಹೇನು ಜಾಸ್ತಿ ಇದ್ದು ಮರಿ ಇಲ್ಲದ ಕುಡಿಗಳನ್ನು ಚಿವುಟಿ ತೆಗೆಯಿರಿ, ಇಲ್ಲಾಂದ್ರೆ ರಭಸವಾಗಿ ನೀರು ಹಾಯಿಸಿ ಉದುರಿಸಿ.
• ಆಮೇಲೂ ಬೇಕಾದರೆ ಶೇಕಡಾ 5ರ ಬೇವಿನ ಬೀಜದ ಕಷಾಯ, ಅಂದರೆ 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳು.
• ಹೂವಿನ ಕಾಲದಲ್ಲಿ ವಿಷ ಬೇಡ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಗಾಳಿಗೆ ಹಾರಿದ ವಿಷಕ್ಕೆ ರೇಷ್ಮೆ ಹುಳುವೂ ಸಾಯುತ್ತದೆ.
• ತಿಳಿಯದಿದ್ದರೆ ಎಲೆಯ ಸಮೇತ ಹುಳುವನ್ನು ಡಬ್ಬಿಯಲ್ಲಿ ಹಾಕಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ.

ಆ ದಿನ ಏನಾಯಿತು ಅಂತ ಕೇಳುತ್ತೀರಾ? ಸಭೆ ಮುಗಿಸಿ ಎಲ್ಲರೂ ಹೊಲಕ್ಕೆ ಇಳಿದೆವು. ಬಹಳ ಸಾಲುಗಳಲ್ಲಿ ಮರಿ ಸಿಕ್ಕಿತು. ಆ ಸದಸ್ಯೆ "ಒಂದು ವಾರ ನೋಡ್ತೀನಿ ಸಿಸ್ಟರ್, ಸಾಲ ಹಾಗೇ ಇರಲಿ" ಅಂದರು. ಇರುವೆ ಕಾವಲಿದ್ದ ಬೇಲಿ ಪಕ್ಕದ ಎರಡು ಸಾಲಿನಲ್ಲಿ ಹೇನು ಕಡಿಮೆಯಾಗಲಿಲ್ಲ, ಅಲ್ಲಿ ಕುಡಿ ಚಿವುಟಿದರು. ಉಳಿದ ಕಡೆ ಇಳಿಯಿತು. ಸಾಲ ಬರೆಯಲಿಲ್ಲ. ಅದೇ ಹಣವನ್ನು ಮುಂದಿನ ವಾರ ಇನ್ನೊಬ್ಬರು ಮಗಳ ಶಾಲೆಯ ಖರ್ಚಿಗೆ ಪಡೆದರು.

ಸಭೆಯಲ್ಲಿ ಚರ್ಚಿಸಿ

1. ಹೋದ ವರ್ಷ ನಮ್ಮ ಸಂಘದ ಸಾಲದಲ್ಲಿ ಎಷ್ಟು ರೂಪಾಯಿ ಔಷಧಿಗೆ ಹೋಯಿತು?
2. ಹೊಡೆಸುವ ಮುಂಚೆ ಹೊಲಕ್ಕೆ ಇಳಿದು ಕುಡಿ ನೋಡಿದವರು ಯಾರು?
3. ಔಷಧಿ ಕಲೆಸುವವರು, ಆ ಬಟ್ಟೆ ಒಗೆಯುವವರು ಯಾರು? ಅವರ ಆರೋಗ್ಯ ಹೇಗಿದೆ?

ಈ ತಿಂಗಳ ತೀರ್ಮಾನ: ಪ್ರತಿ ಸದಸ್ಯೆಯೂ ಒಂದು ಹೂನೊಣ, ಒಂದು ಮರಿ ಗುರುತಿಸಿ ಮುಂದಿನ ಸಭೆಯಲ್ಲಿ ಹೇಳಬೇಕು. ಹುಳುವನ್ನು ಸಾಯಿಸದೆ!

ನಿಮ್ಮ ಸಿಸ್ಟರ್