ನೆಟ್ಟರೆ ಸಾಲದು, ಕಾಯಬೇಕು



ಮಳೆಗಾಲ ಬಂದಿತೆಂದರೆ ಊರೂರಲ್ಲಿ ಗಿಡ ನೆಡುತ್ತೇವೆ. ಬೇಸಿಗೆ ಬರುವಷ್ಟರಲ್ಲಿ ಎಷ್ಟೋ ಗುಂಡಿಗಳು ಬರಿದಾಗಿರುತ್ತವೆ. ನೆಟ್ಟ ಗಿಡ ಮರವಾಗಿ, ಆ ಮರ ಊರಿಗೆ ಉಳಿಯಬೇಕಾದರೆ ಏನು ಮಾಡಬೇಕು? ಇದಕ್ಕೆ ನಮ್ಮ ಸಮೀಪದಲ್ಲೇ ಒಂದು ಪಾಠವಿದೆ.

ಬೆಂಗಳೂರಿನ ಗೋವಿಂದರಾಜನಗರದ ಬದಿಯಿಂದ ಮಾಗಡಿ ರಸ್ತೆ ಹಿಡಿದು ಹೋದರೆ ಮಾಗಡಿ ತಾಲ್ಲೂಕು ಸಿಗುತ್ತದೆ. ಅಲ್ಲಿ ಹುಲಿಕಲ್ ಮತ್ತು ಕುದೂರು ನಡುವೆ, ಸುಮಾರು 4 ಕಿಲೋಮೀಟರ್ ದಾರಿಯ ಬದಿಗೆ ಆಲದ ಮರಗಳ ಸಾಲಿದೆ. ಬೆಳೆಸಿದವರು ಕೂಲಿಯಿಂದ ಬದುಕುತ್ತಿದ್ದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ. ಮೊದಲ ವರ್ಷ ನೆಟ್ಟದ್ದು 10 ಸಸಿ, ಎರಡನೆಯ ವರ್ಷ 15, ಮೂರನೆಯ ವರ್ಷ 20. ಹೀಗೆ ಬೆಳೆದ ಆಲಗಳು 385. ನೆಡುತ್ತಿದ್ದುದು ಮಳೆಗಾಲದಲ್ಲಿ, ದೂರದಿಂದ ನೀರು ಹೊತ್ತು ಹಾಕಿದರು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು.

ಆದರೂ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದಿಂದ ಈ ಮರಗಳಿಗೆ ಕುತ್ತು ಬಂದಿತು. ತಿಮ್ಮಕ್ಕನವರು ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರಲ್ಲಿ ಮನವಿ ಮಾಡಿಕೊಂಡರು. ಬೇರೆ ದಾರಿ ನೋಡಲು ಸರ್ಕಾರ ಒಪ್ಪಿತು. 2025ರ ನವೆಂಬರ್ 14ರಂದು ತಿಮ್ಮಕ್ಕನವರು ತೀರಿಕೊಂಡರು. ಇನ್ನು ಮರಗಳ ಪರವಾಗಿ ಮಾತಾಡುವ ಹೊಣೆ ಊರಿನದು. ನಮ್ಮ ನಮ್ಮ ಊರಿನಲ್ಲಿಯೂ ಹೀಗೆಯೇ.

ನಾವು ಮಾಡಬೇಕಾದುದು ಮೂರು.

1. ಮನೆಯಲ್ಲಿ: ಬೇಸಿಗೆಯಲ್ಲಿ ನೀರು ಹಾಕಿ ಸಾಕಬಲ್ಲಷ್ಟೇ ಗಿಡ ನೆಡಿ. ನೂರು ನೆಟ್ಟು ಮರೆಯುವುದಕ್ಕಿಂತ ಎರಡು ನೆಟ್ಟು ಉಳಿಸುವುದು ಲೇಸು. ಮರುವರ್ಷ ಇನ್ನೆರಡು ಸೇರಿಸಿ.

2. ಹೊಲದಲ್ಲಿ: ಬದುವಿಗೆ ಹೊಂಗೆ ಹಾಕಿ. ಅದರ ಸೊಪ್ಪೂ ಹಿಂಡಿಯೂ ಒಳ್ಳೆಯ ಗೊಬ್ಬರ. ಆಲವನ್ನು ಬದುವಿನಲ್ಲಿ ನೆಡಬೇಡಿ. ಅದರ ದಟ್ಟ ನೆರಳು ರಾಗಿ ಬೆಳೆಗೆ ಆಗದು. ಅದಕ್ಕೆ ಗುಂಡುತೋಪೇ ತಕ್ಕ ಜಾಗ.

3. ಊರಿನಲ್ಲಿ: ಒಬ್ಬರಿಂದ ಆಗದ್ದು ಗ್ರಾಮಸಭೆಯಿಂದ ಆಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರಗಳ ದಾಖಲೆ ಇಡಬೇಕು. ನಿಮ್ಮ ಗುಂಡುತೋಪು, ಸಾಲುಮರಗಳು ಆ ದಾಖಲೆಯಲ್ಲಿ ಇವೆಯೇ ಎಂದು ಮುಂದಿನ ಸಭೆಯಲ್ಲಿ ಕೇಳಿರಿ. ಇಲ್ಲದಿದ್ದರೆ ಬರೆಸಿ, ಅವುಗಳ ರಕ್ಷಣೆಗೆ ಠರಾವು ಮಾಡಿಸಿರಿ. ರಸ್ತೆಯ ಅಳತೆ ನಡೆಯುವಾಗ ಆ ಠರಾವಿನ ಪ್ರತಿ ನಿಮ್ಮ ಕೈಯಲ್ಲಿರಲಿ.

ಒಂದು ಕೊಡ ನೀರು ಗಿಡವನ್ನು ಬದುಕಿಸುತ್ತದೆ. ಊರಿನ ಒಗ್ಗಟ್ಟು ಮರವನ್ನು ಕಾಯುತ್ತದೆ.