ಕಳುವಾದ ರಿವಾಲ್ವರ್: ನಂಬರಿನಿಂದ ಮಾಡೆಲ್ ಗೊತ್ತಾಗುತ್ತದೆಯೇ?

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ. ನಮ್ಮ ಯಜಮಾನರ ಹಳೆಯ ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಕಳುವಾಗಿದೆ. ಉಳಿದಿರುವುದು ಸೀರಿಯಲ್ ನಂಬರ್ ಬರೆದಿಟ್ಟ ಚೀಟಿ ಮಾತ್ರ. ನಂಬರ್ ‘ಕೆ’ ಅಕ್ಷರದಿಂದ ಶುರುವಾಗುತ್ತದೆ. ಮಾಡೆಲ್ ಯಾವುದು?

ಉತ್ತರ: ಮಾಡೆಲ್ ಗೊತ್ತಾಗಲೆಂದು ಕಾಯದೆ ಇಂದೇ ಪೊಲೀಸರಿಗೆ ದೂರು ಕೊಡಿ. ಕಂಪನಿ, ಕ್ಯಾಲಿಬರ್, ಸೀರಿಯಲ್ ನಂಬರ್ ಇದ್ದರೆ ಅವರು ಎಫ್‌ಬಿಐ ನಡೆಸುವ ರಾಷ್ಟ್ರೀಯ ಕಡತಕ್ಕೆ ಕಳುವಾದ ಆಯುಧವೆಂದು ಸೇರಿಸುತ್ತಾರೆ. ಮುಂದೆ ಎಲ್ಲಾದರೂ ಸಿಕ್ಕರೆ ಹೊಂದಿಸಿ ನೋಡುವುದು ಆ ನಂಬರನ್ನೇ.

ಬರೀ ನಂಬರಿನಿಂದ ಮಾಡೆಲ್ ಖಚಿತವಾಗುವುದಿಲ್ಲ. ಈ ಕಂಪನಿ ಒಂದೇ ನಂಬರ್ ಸರಣಿಯನ್ನು ಹಲವು ಮಾಡೆಲ್‌ಗಳಿಗೆ ಬಳಸುತ್ತಿತ್ತು. ‘ಕೆ’ ಎಂದರೆ ಸಾಮಾನ್ಯವಾಗಿ ಮಧ್ಯಮ ಗಾತ್ರದ ಫ್ರೇಮ್, ಸ್ಕ್ರೂ ತಿರುಗಿಸಿ ಹೊಂದಿಸುವ ಹಿಂಬದಿ ಸೈಟ್. 14, 15, 17, 18, 19ನೇ ಮಾಡೆಲ್‌ಗಳೆಲ್ಲ ಈ ಗುಂಪಿನವೇ.

ಮನೆಯಲ್ಲಿ ಗುಂಡಿನ ಡಬ್ಬಿ ಉಳಿದಿದ್ದರೆ ಅದರ ಮೇಲಿನ ಅಕ್ಷರ ಓದಿ. .22 ಆದರೆ 17 ಅಥವಾ 18 ಇರಬಹುದು; .357 ಮ್ಯಾಗ್ನಮ್ ಆದರೆ 19 ಇರಬಹುದು. ‘.38 ಸ್ಪೆಷಲ್’ ಎಂದಿದ್ದರೆ 14 ಅಥವಾ 15 ಇರಬಹುದು. ಆದರೆ 19ರಲ್ಲೂ ಆ ಗುಂಡು ಹಾಕಬಹುದು, ಹಾಗಾಗಿ ಅದನ್ನು ಕೈಬಿಡಬೇಡಿ. ಹಳೆಯ ಫೋಟೊ ಇದ್ದರೆ ನಳಿಗೆಯ ಉದ್ದ ನೋಡಿ: 17 ಸಾಮಾನ್ಯವಾಗಿ 6 ಇಂಚಿನದು, 18 ನಾಲ್ಕರದು.

1957ರಿಂದ ಕಂಪನಿ ಮಾಡೆಲ್ ನಂಬರನ್ನು ಸಿಲಿಂಡರ್ ಹೊರಗೆಳೆದಾಗ ಕಾಣುವ ಫ್ರೇಮಿನ ಸಂದಿಯಲ್ಲಿ ಒತ್ತತೊಡಗಿತು. ಸೀರಿಯಲ್ ನಂಬರ್ ಇರುವುದು ಹಿಡಿಯ ತಳದಲ್ಲಿ. ಚೀಟಿಯಲ್ಲಿ ಎರಡು ಸಂಖ್ಯೆಗಳಿದ್ದರೆ ಅದಲುಬದಲು ಮಾಡದೆ ಎರಡನ್ನೂ ದೂರಿನಲ್ಲಿ ಬರೆಸಿ. ಅಂಗಡಿಯಲ್ಲಿ ಕೊಂಡದ್ದಾದರೆ ಅವರ ದಾಖಲೆಯನ್ನೂ, ನಿಮ್ಮ ವಿಮೆಯ ಕಾಗದಗಳನ್ನೂ ಹುಡುಕಿಸಿ.